ಕನ್ನಡಿಯಲ್ಲೂ ಬಣ್ಣದ ಉಂಗುರ

ನವೆಂಬರ್ 6, 2024, ಬುಧವಾರ

ಈ ಪುಸ್ತಕವನ್ನು ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಹೆಂಡತಿ ಲೂರ್ದ್ ಬಾಂಬೆಯಲ್ಲಿ ಬೆಳೆದವಳು, ಅವಳಿಗೆ ಕನ್ನಡ ಅಕ್ಷರ ಬಾರದು. ಮನೆಯಲ್ಲಿ ನಮ್ಮ ಮಾತೆಲ್ಲ ಕೊಂಕಣಿ. ಅವಳಿಂದ ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ. ಆದರೂ ಮನುಷ್ಯನಿಗೆ ಯಾರೂ ಇಣುಕದ ಒಂದು ಮೂಲೆ ಬೇಕು.

ಬರೆಯಲು ಕಾರಣ ಅಂಗಡಿ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಈ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಲೆನ್ಸ್ ತಿಕ್ಕಿ, ಫ್ರೇಮಿಗೆ ಕೂರಿಸುತ್ತ ಬಂದವನು. ಊರು ಶಿರ್ವದಿಂದ ಬಂದಾಗ ತಲೆತುಂಬ ಕೂದಲಿತ್ತು. ಈಗ ನಮ್ಮ ಮ್ಯಾನೇಜರ್ ಹಿಶಾಮ್‌ಗೆ ಹೊಸ ಹುಚ್ಚು. ಜನ ಕನ್ನಡಕವನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾರಂತೆ, ಅದಕ್ಕೆ ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ದೂರದರ್ಶಕ ಜೋಡಿಸಿದ್ದಾನೆ. ಅದನ್ನು ಮಾರಲು ದುಬೈಯ ದೇರಾದ ಒಂದು ಅಂಗಡಿಯಿಂದ ನಿಯಾಝ್ ಎಂಬವನನ್ನು ಕರೆಸಿದ್ದಾನೆ. ಉಪ್ಪಿನಂಗಡಿಯವನು. ವಯಸ್ಸು ಮೂವತ್ತೈದರ ಆಸುಪಾಸು, ಬಾಯಲ್ಲಿ ಸಕ್ಕರೆ.

ಬಂದ ದಿನವೇ ನನ್ನ ಕೋಣೆಗೆ ನುಗ್ಗಿ, "ಮೊರಿಸಣ್ಣ, ನನಗೂ ಫಿಟ್ಟಿಂಗ್ ಕೆಲಸ ಗೊತ್ತುಂಟು. ಎಂತದಾದ್ರೂ ಬೇಕಾದ್ರೆ ಕರೀರಿ" ಅಂದ. ನನ್ನ ಕಿವಿ ನೆಟ್ಟಗಾಯಿತು. ಮಾರ್ಚ್‌ನಲ್ಲಿ ನನಗೆ ಅರವತ್ತು ತುಂಬುತ್ತದೆ. ವೀಸಾ ಮುಂದುವರಿಸುವುದು, ಬಿಡುವುದು ಹಿಶಾಮ್ ಕೈಯಲ್ಲಿದೆ. ಅಂಥ ಹೊತ್ತಿಗೇ ಫಿಟ್ಟಿಂಗ್ ಗೊತ್ತಿರುವವನೊಬ್ಬ ಬಂದು ಕೂತರೆ ಅದು ಸುಮ್ಮನೆ ಅಂತ ನಂಬಲು ನಾನೇನು ನಿನ್ನೆ ಹುಟ್ಟಿದವನೇ?

ನವೆಂಬರ್ 14, ಗುರುವಾರ

ಇವತ್ತು ಗಿರಾಕಿಯ ಎದುರೇ ಜಗಳ ಆಗುವುದರಲ್ಲಿತ್ತು. ಒಬ್ಬ ಎಮಿರಾತಿ ಯಜಮಾನರು ಬಂದಿದ್ದರು. ರಮಝಾನಿನ ಚಂದ್ರನನ್ನು ಮೊಮ್ಮಕ್ಕಳಿಗೆ ತೋರಿಸಲು ಯಾವುದು ಒಳ್ಳೆಯದು ಎಂದು ಕೇಳಿದರು. ನಾನು ಲೆನ್ಸಿನದನ್ನು ತೋರಿಸಿದೆ. ಉದ್ದ ಕೊಳವೆ, ಮುಂದೆ ಲೆನ್ಸ್, ಹಿಂದೆ ಕಣ್ಣು, ಮುಗಿಯಿತು. ನಿಯಾಝ್ ಕನ್ನಡಿಯದನ್ನು ಹೊತ್ತು ತಂದ. ಅದರಲ್ಲಿ ಬೆಳಕು ಕೊಳವೆಯ ಬುಡಕ್ಕೆ ಹೋಗಿ, ಬಟ್ಟಲಿನಂಥ ಕನ್ನಡಿಗೆ ಬಡಿದು, ಹಿಂದೆ ಬಂದು, ಇನ್ನೊಂದು ಸಣ್ಣ ಕನ್ನಡಿಗೆ ಬಡಿದು, ಪಕ್ಕದ ತೂತಿನಿಂದ ಹೊರಗೆ ಬರಬೇಕು. ಇಷ್ಟು ಸುತ್ತಿಸಿ ಬಳಸಿ ಬಂದದ್ದನ್ನು ನಂಬುವುದು ಹೇಗೆ?

ಯಜಮಾನರು ಹೋದ ಮೇಲೆ, ಲೆನ್ಸಿನದಕ್ಕೆ ಏನು ಕಮ್ಮಿ ಎಂದು ನಿಯಾಝ್‌ನನ್ನು ಕೇಳಿಯೇಬಿಟ್ಟೆ.

"ಲೆನ್ಸ್ ಒಳ್ಳೇದೇ ಮೊರಿಸಣ್ಣ," ಅಂದ. "ಆದ್ರೆ ಬೆಳಕು ಗಾಜಿನ ಒಳಗಿಂದ ಹೋಗುವಾಗ ಬಣ್ಣ ಬೇರೆ ಬೇರೆ ಆಗ್ತದಲ್ಲ? ನೀಲಿ ಒಂದು ಕಡೆ ಸೇರ್ತದೆ, ಕೆಂಪು ಇನ್ನೊಂದು ಕಡೆ. ನಿಮಗೆ ನಾನು ಹೇಳ್ಬೇಕಾ? ಕನ್ನಡಿಗೆ ಆ ಉಪದ್ರ ಇಲ್ಲ. ಹೊಳೆಯುವ ಲೇಪ ಗಾಜಿನ ಮುಂದೆಯೇ ಉಂಟು, ಬೆಳಕು ಗಾಜಿನ ಒಳಗೆ ಹೋಗುದೇ ಇಲ್ಲ. ಬಾಗಿಲಿಂದಲೇ ವಾಪಸ್."

"ಬಾಗಿಲಿಂದಲೇ ವಾಪಸ್ ಕಳಿಸುವವನ ಮನೆಗೆ ನಾನು ಹೋಗುದಿಲ್ಲ ಮಾರಾಯ," ಅಂದೆ.

ನಕ್ಕ. ಸಂಜೆ ಲೆನ್ಸಿನದನ್ನು ಎದುರು ಕಟ್ಟಡದ ತುದಿಯ ದೀಪಕ್ಕೆ ಹಿಡಿದು, "ಅಂಚಿನಲ್ಲಿ ಸ್ವಲ್ಪ ನೇರಳೆ ಕಾಣ್ತದಾ?" ಅಂತ ಕೇಳಿದ. ನೋಡಿದೆ. ಸ್ವಲ್ಪವೇ? ದೀಪದ ಸುತ್ತ ದೊಡ್ಡ ಉಂಗುರ, ಅದರಾಚೆ ಮಬ್ಬು. ಬಂದ ಹೊಸದರಲ್ಲಿ ಈ ಕೊಳವೆ ಹೀಗಿರಲಿಲ್ಲ. ಲೆನ್ಸಿನ ಎರಡು ಗಾಜುಗಳ ನಡುವೆ ಇವನು ಏನೋ ಮಾಡಿದ್ದಾನೆ. ಮಾರುವವನಿಗೆ ತನ್ನ ಮಾಲು ಹೋಗಬೇಕಲ್ಲ.

ನವೆಂಬರ್ 25, ಸೋಮವಾರ

ಗಿರಾಕಿಯೊಬ್ಬರು ಕನ್ನಡಕ ಹಿಂದಕ್ಕೆ ತಂದರು. ಹಾಕಿಕೊಂಡರೆ ನೆಲ ವಾಲಿದ ಹಾಗೆ ಆಗುತ್ತದಂತೆ. ಒಂದೇ ದಿಕ್ಕಿನಲ್ಲಿ ಪವರ್ ಇರುವ ಸಿಲಿಂಡರ್ ಲೆನ್ಸ್ ಓರೆಯಾಗಿ ಕೂತರೆ ಹಾಗಾಗುತ್ತದೆ. ಆದರೆ ನಾನು ಓರೆ ಕೂರಿಸುವವನಲ್ಲ. ಪವರ್ ನೋಡುವ ಹಳೆಯ ಯಂತ್ರಕ್ಕೆ ಎಡಗಣ್ಣು ಹಚ್ಚಿ, ಗೆರೆ ನೋಡಿ, ಶಾಯಿಯ ಚುಕ್ಕೆ ಇಟ್ಟು ಕೂರಿಸುತ್ತೇನೆ. ಹಿಶಾಮ್ ಡಿಜಿಟಲ್ ಯಂತ್ರ ತರಿಸಿಕೊಟ್ಟಿದ್ದಾನೆ, ಅದನ್ನು ನಾನು ಮುಟ್ಟುವುದಿಲ್ಲ. ಅಂಕಿ ತೋರಿಸುವ ಯಂತ್ರ ಯಾಕೆ ಹಾಗೆ ತೋರಿಸಿತು ಅಂತ ಹೇಳುವುದಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬೇಗ ಬಂದೆ. ನನ್ನ ಕೋಣೆಯಲ್ಲಿ ನಿಯಾಝ್! ನನ್ನ ಸಿದ್ಧವಾದ ಕನ್ನಡಕಗಳ ಟ್ರೇ ಅವನ ಮುಂದೆ. ಕೈಯಲ್ಲಿ ಸ್ಕ್ರೂಡ್ರೈವರ್. ನನ್ನನ್ನು ಕಂಡು ಮುಖ ಸಣ್ಣಗಾಯಿತು.

"ಒಂದು ಸ್ಕ್ರೂ ಲೂಸ್ ಇತ್ತು ಮೊರಿಸಣ್ಣ. ಬಿಗಿ ಮಾಡಿದೆ."

ಸ್ಕ್ರೂ ಲೂಸ್ ಆದದ್ದು ಇವನಿಗೆ ಹೇಗೆ ಗೊತ್ತು? ಈಗ ಎಲ್ಲ ಅರ್ಥವಾಗುತ್ತದೆ. ನಾನು ಸರಿ ಮಾಡಿಟ್ಟದ್ದನ್ನು ಇವನು ತಿರುಗಿಸಿಡುತ್ತಾನೆ, ದೂರು ಬರುತ್ತದೆ, ಮಾರ್ಚ್ ಬರುತ್ತದೆ.

ಡಿಸೆಂಬರ್ 4, ಬುಧವಾರ

ಲೂರ್ದ್ ಮನೆಯ ಬಲ್ಬುಗಳನ್ನೆಲ್ಲ ಕಡಿಮೆ ವ್ಯಾಟಿನದು ಮಾಡಿದ್ದಾಳೆ. ಕೇಳಿದರೆ, ಇಲ್ಲ ಅನ್ನುತ್ತಾಳೆ. ಈ ಪೆನ್ನಿನ ಶಾಯಿಯೂ ನೀರಾಗಿದೆ, ದಪ್ಪ ತುದಿಯದ್ದು ತಂದೆ. ಈಗ ಎಲ್ಲದರಲ್ಲೂ ಕಲಬೆರಕೆ.

ಎದುರಿನ ಕಾರುಗಳ ಹೆಡ್‌ಲೈಟ್‌ನ ಕಾಟ ಬೇರೆ. ಜನರಿಗೆ ಡಿಮ್ ಮಾಡುವ ಸೌಜನ್ಯ ಉಳಿದಿಲ್ಲ. ಸಂಜೆ ಆಸ್ಪತ್ರೆಯ ರಿಸೆಪ್ಷನ್ ಡ್ಯೂಟಿ ಮುಗಿಸಿದ ಲೂರ್ದ್‌ಳನ್ನು ಕರೆತರುವಾಗ ಒಬ್ಬ ಡೆಲಿವರಿ ಬೈಕಿನವನು ಎಲ್ಲಿಂದಲೋ ಎದುರಿಗೆ ಬಂದ. ಲೂರ್ದ್ ಕಿರುಚಿದ್ದರಿಂದ ಬ್ರೇಕ್ ಹಾಕಿದೆ. "ಅವನು ಆಗಿಂದ ಅಲ್ಲೇ ಇದ್ದ ಮೊರಿಸ್," ಅಂದಳು. ಹೆಂಗಸರು ಯಾವಾಗಲೂ ಬೈಕಿನವರ ಪಕ್ಷ.

ಡಿಸೆಂಬರ್ 13, ಶುಕ್ರವಾರ

ಲೈಸೆನ್ಸ್ ನವೀಕರಣಕ್ಕೆ ಕಣ್ಣು ಪರೀಕ್ಷೆ ಆಗಬೇಕಿತ್ತು. ನಮ್ಮ ಅಂಗಡಿಯಲ್ಲೇ ಮಾಡುತ್ತಾರೆ. ನಮ್ಮಲ್ಲಿ ಕಣ್ಣು ನೋಡುವ ಹುಡುಗಿ ಜೋಸ್ವಿನ್, ನಾನು ಕುರ್ಚಿಯಲ್ಲಿ ಕೂರುವಾಗ ಯಾರೊಂದಿಗೋ ಫೋನಿನಲ್ಲಿದ್ದಳು. ನಾನೇ ಒಂದು ಕಣ್ಣು ಮುಚ್ಚಿ ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಹೇಳಿದೆ. ಆಮೇಲೆ ಇನ್ನೊಂದು ಕಣ್ಣು.

"ಅಂಕಲ್, ಯು ಆರ್ ಫಾಸ್ಟರ್ ದ್ಯಾನ್ ಮೀ!" ಅಂದಳು. ನಿಯಾಝ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಮಾತ್ರ ನಗಲಿಲ್ಲ. ಪಾಪ, ಆಸೆ ಇಟ್ಟುಕೊಂಡಿದ್ದನೇನೋ.

ಡಿಸೆಂಬರ್ 26, ಗುರುವಾರ

ನಿನ್ನೆ ಕ್ರಿಸ್ಮಸ್. ಲೂರ್ದ್ ಹೊಸ ಮೇಜುಬಟ್ಟೆ ಹಾಸಿದ್ದಳು. ಹಳದಿ ಯಾಕೆ ತಂದೆ ಅಂದೆ. ಬಿಳಿ ಅಂದಳು. ಅಂಗಡಿಯವನು ಹಳೇ ಸ್ಟಾಕ್ ಕೊಟ್ಟು ಮೋಸ ಮಾಡಿದ್ದಾನೆ ಅಂದದ್ದಕ್ಕೆ ಅರ್ಧ ದಿನ ಮಾತು ಬಿಟ್ಟಳು. ನಿಯಾಝ್ ಬಿರಿಯಾನಿ ತಂದುಕೊಟ್ಟ. ನಮ್ಮ ಕ್ರಿಸ್ಮಸ್ ತಿಂಡಿ ಕುಸ್ವಾರ್ ತಿಂದ. ಹೋಗುವಾಗ ಲೂರ್ದ್‌ಳ ಹತ್ತಿರ ಮೆಟ್ಟಿಲಲ್ಲಿ ಏನೋ ಪಿಸುಮಾತು. ಏನೆಂದು ಕೇಳಿದೆ. "ನಿನ್ನನ್ನು ಕಣ್ಣಿನ ಡಾಕ್ಟರಿಗೆ ತೋರಿಸು ಅಂದ," ಅಂದಳು.

ನನ್ನ ಕಣ್ಣು! ಇಡೀ ಅಬುಧಾಬಿಗೆ ಕನ್ನಡಕ ಹಾಕಿಸಿದವನ ಕಣ್ಣು! ಈಗ ನನ್ನ ಮನೆಯೊಳಗೂ ಕೆಲಸ ಶುರುಮಾಡಿದ್ದಾನೆ.

ಜನವರಿ 5, 2025, ಭಾನುವಾರ

ನಿನ್ನೆ ಊರಾಚೆ ಅಲ್ ಖತಿಮ್‌ನ ಮರಳುಗಾಡಿನಲ್ಲಿ ಗಿರಾಕಿಗಳಿಗೆ ಆಕಾಶ ತೋರಿಸುವ ಕಾರ್ಯಕ್ರಮ. ಹಿಶಾಮ್‌ನ ಐಡಿಯಾ. ಚಾಪೆ, ಕರಕ್ ಚಹಾ, ಮಕ್ಕಳ ಗಲಾಟೆ. ಸೂರ್ಯ ಮುಳುಗಿದ ಕೂಡಲೇ ಪಶ್ಚಿಮದಲ್ಲಿ ಎಳೆಯ ಚಂದ್ರ, ಅದರ ಹತ್ತಿರ ಶುಕ್ರ. ಎರಡು ಕೊಳವೆಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದೆವು. ನನ್ನದು ಲೆನ್ಸಿನದ್ದು, ನಿಯಾಝ್‌ನದ್ದು ಕನ್ನಡಿಯದ್ದು. ಕಾರಿನಲ್ಲಿ ಕುಲುಕಿ ಬಂದದ್ದರಿಂದ ಅವನು ಕನ್ನಡಿಯ ಸ್ಕ್ರೂಗಳನ್ನು ತಿರುಗಿಸುತ್ತಲೇ ಇದ್ದ. ನಾನು ಕೈಕಟ್ಟಿ ನಿಂತು ನಕ್ಕೆ. ಲೆನ್ಸಿಗೆ ಆ ರಗಳೆ ಇಲ್ಲ.

ಜನ ಎರಡರಲ್ಲೂ ನೋಡಿದರು. ಬೆಂಗಳೂರಿನ ಐಟಿ ದಂಪತಿ ಅಪೇಕ್ಷಾ ಮತ್ತು ನಂದನ್ ನಮ್ಮ ಹಳೆಯ ಗಿರಾಕಿಗಳು. "ಲೆನ್ಸಲ್ಲಿ ಶುಕ್ರನ ಅಂಚಿಗೆ ಒಂಚೂರು ನೇರಳೆ ಬರುತ್ತೆ ಸರ್. ಕನ್ನಡೀಲಿ ಕ್ಲೀನಾಗಿದೆ," ಅಂದಳು ಅಪೇಕ್ಷಾ. ನಾನು ಲೆನ್ಸಿನಲ್ಲಿ ನೋಡಿದೆ. ದೊಡ್ಡ ಉಂಗುರ. ಮೊದಲ ಸಲ ಕನ್ನಡಿಯದಕ್ಕೂ ಕಣ್ಣು ಇಟ್ಟೆ.

ಅದರಲ್ಲೂ ಉಂಗುರ! ಅದೇ ಅಗಲ, ಅದೇ ಮಬ್ಬು. ಒಂದು ಶುಕ್ರನ ಬದಲು ಒಂದೂವರೆ.

ಕನ್ನಡಿ ಬಣ್ಣ ಒಡೆಯುವುದಿಲ್ಲ. ಇದು ನನಗೂ ಗೊತ್ತು. ಹಾಗಿದ್ದರೆ ಕಣ್ಣಿಡುವ ಕಡೆಯ ಸಣ್ಣ ಗಾಜಿನದೇ ಕಿತಾಪತಿ. ಅದನ್ನು ತೆಗೆದು ಬೇರೆ ಹಾಕಿದೆ. ಉಂಗುರ ಹೋಗಲಿಲ್ಲ. ಇನ್ನೊಂದು ಹಾಕಿದೆ. ಆಗಲೂ ಹೋಗಲಿಲ್ಲ. ಅಂದರೆ ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕೂ ಇವನು ಎಣ್ಣೆಕೈ ಒರೆಸಿದ್ದಾನೆ. ನನ್ನನ್ನು ಜನರೆದುರು ಮಂಗ ಮಾಡಲು ತನ್ನ ಮಾಲನ್ನೂ ಹಾಳು ಮಾಡಿಕೊಂಡ ಅಂದರೆ ಹಠ ಎಷ್ಟಿರಬೇಕು!

"ಎಂತ ಮಾಡಿದ್ದಿ ಇದಕ್ಕೆ?" ಎಂದು ಎಲ್ಲರೆದುರೇ ಕೇಳಿದೆ.

"ನಾನೆಂತ ಮಾಡ್ಲಿಕ್ಕೆ ಮೊರಿಸಣ್ಣ? ನೀವೊಮ್ಮೆ ಬಲಗಣ್ಣಲ್ಲಿ ನೋಡಿ," ಅಂದ.

ನನ್ನ ಕಣ್ಣು ಯಾವುದು ಇಡಬೇಕು ಅಂತ ನನಗೇ ಪಾಠ. ನೋಡಲಿಲ್ಲ. ಚಹಾ ಕುಡಿಯದೆ ಕಾರಿನಲ್ಲಿ ಹೋಗಿ ಕೂತೆ. ವಾಪಸ್ ಬರುವಾಗ ಹಿಶಾಮ್ ಡ್ರೈವ್ ಮಾಡಿದ.

ಜನವರಿ 8, ಬುಧವಾರ

ಹಿಶಾಮ್‌ಗೆ ಎಲ್ಲ ಹೇಳಿದೆ. ಟ್ರೇ, ಸ್ಕ್ರೂಡ್ರೈವರ್, ದೂರುಗಳು, ಮರಳಿನಲ್ಲಿ ಆದದ್ದು. ಅವನು ಈಜಿಪ್ಟಿನವನು, ಮಾತಾಡುವುದೇ ಕಡಿಮೆ. ನಿಯಾಝ್‌ನನ್ನು ಕರೆದು ಇಂಗ್ಲಿಷಿನಲ್ಲಿ ಕೇಳಿದ, "ಮೊರಿಸ್‌ನ ಟ್ರೇ ಮುಟ್ಟಿದ್ದು ಹೌದಾ?"

"ಹೌದು."

"ಎಷ್ಟು ಸಲ?"

"ತುಂಬ ಸಲ."

"ಯಾಕೆ?"

ನಿಯಾಝ್ ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ಸುಮ್ಮನಾದ. ತಪ್ಪಿತಸ್ಥನಿಗೆ ಹೇಳಲು ಏನಿರುತ್ತದೆ? ಹಿಶಾಮ್ ಕೈ ಝಾಡಿಸಿ "ಖಲಾಸ್" ಅಂದ. ತಿಂಗಳ ನೋಟಿಸ್, ಆಮೇಲೆ ವೀಸಾ ಕ್ಯಾನ್ಸಲ್.

ಗೆದ್ದೆ. ಮೀನು ತಂದೆ. ಲೂರ್ದ್ ಹುರಿದು ಬಡಿಸಿದಳು, ತಾನು ಮಾತ್ರ ಊಟ ಮಾಡಲಿಲ್ಲ. "ಅವನಿಗೆ ಎರಡು ಮಕ್ಕಳು ಮೊರಿಸ್," ಅಂದಳು. ನನಗೂ ರುಚಿ ಹತ್ತಲಿಲ್ಲ. ಮೀನು ತಾಜಾ ಇರಲಿಲ್ಲ ಅಂತ ಕಾಣುತ್ತದೆ.

ಜನವರಿ 12, ಭಾನುವಾರ

ಇದನ್ನೂ ಬರೆಯಬೇಕು.

ಲೂರ್ದ್ ನಾಲ್ಕು ದಿನದಿಂದ ಒಂದೇ ಹಾಡು, ಡಾಕ್ಟರ್, ಡಾಕ್ಟರ್. ಚರ್ಚಿನಿಂದ ಬರುವಾಗ ಸಿಟ್ಟು ನೆತ್ತಿಗೇರಿ, "ಬಾ, ನಿನ್ನೆದುರೇ ತೋರಿಸುತ್ತೇನೆ" ಎಂದು ಅಂಗಡಿಗೆ ಕರೆದುಕೊಂಡು ಹೋದೆ. ಜೋಸ್ವಿನ್ ಇನ್ನೂ ಬಂದಿರಲಿಲ್ಲ. ಕುರ್ಚಿಯಲ್ಲಿ ಕೂತು, ಬಲಗಣ್ಣು ಮುಚ್ಚಿ, ಪರದೆಯ ಸ್ವಿಚ್ ಹಾಕು ಅಂದೆ. ಬೆಳಕು ಬಂತು. ಶುರುಮಾಡಿದೆ. "ಇ. ಎಫ್, ಪಿ. ಟಿ, ಓ, ಝಡ್. ಎಲ್, ಪಿ, ಇ, ಡಿ." ಒಂದು ತಪ್ಪಿಲ್ಲ. ಕೊನೆಯ ಸಾಲು ಮುಗಿಸಿ, "ಈಗ ಹೇಳು!" ಅಂದೆ.

ಅವಳು ಪರದೆಯ ಹತ್ತಿರ ಹೋಗಿ ನಿಂತಳು.

"ಹೇಳು, ಎಲ್ಲಿ ತಪ್ಪಿತು?"

"ಮೊರಿಸ್," ಅಂದಳು. "ಅದು ಮಕ್ಕಳ ಚಾರ್ಟ್. ಅಲ್ಲಿ ಮನೆ ಉಂಟು, ಛತ್ರಿ ಉಂಟು, ದೋಣಿ ಉಂಟು. ಅಕ್ಷರ ಒಂದೂ ಇಲ್ಲ."

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಬಲಗಣ್ಣು ಮುಚ್ಚಿಕೊಂಡೇ ಎದ್ದು ಹತ್ತಿರ ಹೋದೆ. ಪರದೆಗೆ ಮೂಗು ತಾಗುವಷ್ಟು ಹೋದ ಮೇಲೆ ದೋಣಿ ಕಂಡಿತು.

ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತವರೆಲ್ಲ ಓದಿದ್ದನ್ನು ಕೇಳಿ ಕೇಳಿ ಆ ಚಾರ್ಟ್ ನನಗೆ ಜಪಮಾಲೆಯಷ್ಟು ಬಾಯಿಪಾಠ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ದೇವರಾಣೆ. ಕಾಣುತ್ತಿದೆ ಅಂತಲೇ ತಿಳಿದಿದ್ದೆ. ಲೈಸೆನ್ಸಿಗೂ ಹೀಗೆಯೇ ಹೇಳಿದ್ದೆ. ಆ ಬೈಕಿನವನು ಆಗಿಂದ ಅಲ್ಲೇ ಇದ್ದ.

ಮನೆಗೆ ಟ್ಯಾಕ್ಸಿಯಲ್ಲಿ ಬಂದೆವು. ಮೆಟ್ಟಿಲು ಹತ್ತುವಾಗ ಲೂರ್ದ್ ಕೈ ಹಿಡಿದಳು. ಬಿಡಿಸಿಕೊಳ್ಳಲಿಲ್ಲ.

ಜನವರಿ 13, ಸೋಮವಾರ

ಡಾಕ್ಟರ್ ನೋಡಿದರು. ಎಡಗಣ್ಣಿನ ಪೊರೆ ಚೆನ್ನಾಗಿ ಬಲಿತಿದೆ, ಬಲಗಣ್ಣಿನದು ಶುರುವಾಗಿದೆ. ಕಣ್ಣಿನ ಒಳಗಿನ ಲೆನ್ಸೇ ಮಬ್ಬಾಗಿ, ಹಳದಿಯಾಗಿ, ಬೆಳಕನ್ನು ಚೆದುರಿಸುತ್ತದೆ. ದೀಪದ ಸುತ್ತ ಉಂಗುರ ಕಾಣುವುದು ಅದರಿಂದಲೇ. ಲೆನ್ಸಿನ ಕೊಳವೆ, ಕನ್ನಡಿಯ ಕೊಳವೆ, ಸಣ್ಣ ಗಾಜುಗಳು ಎಲ್ಲವನ್ನೂ ಬದಲಿಸಿ ನೋಡಿದ್ದೆನಲ್ಲ. ಬದಲಿಸದೆ ಉಳಿದ ಲೆನ್ಸ್ ಒಂದೇ ಇತ್ತು. ಬಲಗಣ್ಣಲ್ಲಿ ನೋಡಿ ಅಂತ ಅವನು ಹೇಳಿದ್ದ.

ಸಂಜೆ ಹಿಶಾಮ್ ಎದುರು ನಿಂತು ಎಲ್ಲ ಹೇಳಿದೆ. ತಪ್ಪು ನಿಯಾಝ್‌ನದಲ್ಲ, ನನ್ನ ಕಣ್ಣಿನದು, ಕೆಲಸ ಹೋಗುವುದಾದರೆ ನನ್ನದು ಹೋಗಲಿ ಅಂದೆ. ಹೇಳುವಾಗ ಮಾರ್ಚ್ ನೆನಪಿತ್ತು. ಆದರೂ ಹೇಳಿದೆ. ಹಿಶಾಮ್ ಗಡ್ಡ ಸವರಿಕೊಂಡ. ನೋಟಿಸ್ ಹಿಂದೆಗೆದುಕೊಳ್ಳುತ್ತೇನೆ ಅಂದ. ನನ್ನ ವಿಷಯ ಮಾಲೀಕರನ್ನು ಕೇಳಿ ಹೇಳುತ್ತಾನಂತೆ.

ಜನವರಿ 15, ಬುಧವಾರ

ಅಂಗಡಿಯ ಹಿಂದಿನ ಕೆಫೆಟೇರಿಯದಲ್ಲಿ ನಿಯಾಝ್ ಸಿಕ್ಕಿದ. ಸಿಕ್ಕಿದ ಅಂತ ಯಾಕೆ ಬರೆಯಲಿ, ಹುಡುಕಿಕೊಂಡು ಹೋದೆ. ಅವನ ಚಹಾ ಆರಿಹೋಗಿತ್ತು.

"ಟ್ರೇಯಲ್ಲಿ ಎಂತ ಮಾಡ್ತಿದ್ದಿ?" ಅಂತ ಕೇಳಿದೆ. ಕ್ಷಮೆ ಕೇಳಬೇಕೆಂದು ಹೋದವನು, ಬಾಯಿಗೆ ಬಂದದ್ದು ಇದು.

"ತಿರುಗಿದ್ದನ್ನು ಸರಿ ಮಾಡ್ತಿದ್ದೆ. ಬಂದ ವಾರದಿಂದಲೇ. ಎಲ್ಲ ನನ್ನ ಕೈಗೆ ಸಿಗ್ಲಿಲ್ಲ. ಸಿಗದ್ದು ದೂರು ಆಗಿ ಬಂತು."

"ಹಿಶಾಮ್ ಕೇಳಿದಾಗ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಿಮ್ಮ ಕೆಲಸ ಅಲ್ಲೇ ಹೋಗ್ತಿತ್ತು. ಹೇಳ್ಲಿಕ್ಕೆ ನಾಲಗೆ ಏಳ್ಲಿಲ್ಲ."

"ನನ್ನ ಹತ್ರವಾದ್ರೂ ಹೇಳ್ಬೇಕಿತ್ತು ಮಾರಾಯ."

"ನಿಮ್ಮ ಹತ್ರವಾ?" ಅವನ ದನಿ ಏರಿತು. ಇಷ್ಟು ದಿನದಲ್ಲಿ ಅವನು ಸಿಟ್ಟು ಮಾಡಿದ್ದು ನೋಡಿರಲಿಲ್ಲ. "ಹೇಳಿದ್ರೆ ನೀವು ನಂಬ್ತಿದ್ರಾ? ಲೂರ್ದಕ್ಕನ ಹತ್ರ ಹೇಳಿದ್ದಕ್ಕೆ ನೀವು ಮರುದಿನದಿಂದ ನನ್ನ ಮುಖ ನೋಡ್ಲಿಲ್ಲ. ಎಲ್ಲರ ಎದುರು ಕಳ್ಳನ ಹಾಗೆ ನಿಲ್ಲಿಸಿದ್ರಿ. ನೋಟಿಸ್ ಸಿಕ್ಕಿದ ರಾತ್ರಿ ಊರಿಗೆ ಫೋನ್ ಮಾಡಿ, ಸಾಮಾನು ಕಟ್ಟಿ ಬರ್ತೇನೆ ಅಂತ ಹೆಂಡ್ತಿಗೆ ಹೇಳ್ಬೇಕಾಯ್ತು. ಅವಳು ನನ್ನನ್ನು ಒಂದೇ ಕೇಳಿದ್ಳು, 'ನೀವು ಅಲ್ಲಿ ಎಂತ ತಪ್ಪು ಮಾಡಿದ್ರಿ?' ಅಂತ."

ತಪ್ಪಾಯ್ತು ಅಂದೆ. ಎರಡು ಸಲ ಅಂದೆ. ಅವನು ತಲೆ ಆಡಿಸಿದ, ನನ್ನ ಚಹಾದ ದುಡ್ಡನ್ನೂ ಕೊಟ್ಟು ಎದ್ದ. ಶಾರ್ಜಾದಲ್ಲಿ ಒಂದು ಕಡೆ ಕೆಲಸ ಸಿಕ್ಕಿದೆಯಂತೆ. ಹಿಶಾಮ್ ಇರು ಅಂದರೂ ಇರುವುದಿಲ್ಲವಂತೆ.

ಜನವರಿ 30, ಗುರುವಾರ

ನಾಳೆ ಆಪರೇಷನ್. ನನ್ನ ಲೆನ್ಸ್ ತೆಗೆದು ಯಾರೋ, ಎಲ್ಲೋ ತಯಾರಿಸಿದ ಲೆನ್ಸ್ ಇಡುತ್ತಾರೆ. ಅದನ್ನು ಒಮ್ಮೆ ನನಗೆ ಪರೀಕ್ಷೆ ಮಾಡಲು ಕೊಡಿ ಅಂದೆ. ಡಾಕ್ಟರ್ ನಕ್ಕುಬಿಟ್ಟರು. ಲೂರ್ದ್ ಕೂಡ. ಹೆದರಿಕೆ ಆಗುತ್ತಿದೆ.

ಫೆಬ್ರವರಿ 24, ಸೋಮವಾರ

ಇವತ್ತಿನಿಂದ ಕೆಲಸ. ದೂರದ್ದು ಚೆನ್ನಾಗಿ ಕಾಣುತ್ತದೆ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಒಣಗಿಸಿದ ಅಂಗಿಯ ಗುಂಡಿಯೂ ಕಂಡಿತು. ಹತ್ತಿರದ್ದಕ್ಕೆ ಮಾತ್ರ ಕನ್ನಡಕ ಬೇಕು, ಹೊಸ ಲೆನ್ಸಿಗೆ ಹೊಂದಿಸಿ ಬೇರೆ ನಂಬರಿನದು. ಅದಿಲ್ಲದೆ ಕೆಲಸಕ್ಕೆ ಕೂರಲಾರೆ.

ಮಾಲೀಕರು ವೀಸಾ ಒಂದು ವರ್ಷ ಮುಂದುವರಿಸಿದ್ದಾರೆ. ಕಾರಣವನ್ನು ಹಿಶಾಮ್ ಮುಚ್ಚಿಡದೆ ಹೇಳಿದ. ನಿಯಾಝ್ ಹೋದ ಮೇಲೆ ಫಿಟ್ಟಿಂಗ್ ಬಲ್ಲವರು ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ. ಅವನನ್ನು ಓಡಿಸಿದ್ದಕ್ಕೇ ನನ್ನ ಕೆಲಸ ಉಳಿದಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನನ್ನ ಮೇಜಿನ ಮೇಲೆ ಒಂದು ಡಬ್ಬಿ ಇತ್ತು. ಒಳಗೆ ಓದುವ ಕನ್ನಡಕ. ನಿಯಾಝ್ ಡಾಕ್ಟರರ ಚೀಟಿಯನ್ನು ಲೂರ್ದ್‌ಳಿಂದ ಫೋನಿನಲ್ಲಿ ತರಿಸಿಕೊಂಡು, ಕೊನೆಯ ದಿನ ಕೂತು ಮಾಡಿಟ್ಟು ಹೋದನಂತೆ. ಬೇರೇನೂ ಹೇಳಲಿಲ್ಲವೇ ಎಂದು ಹಿಶಾಮ್‌ನನ್ನು ಕೇಳಿದೆ. ಇಲ್ಲ ಅಂದ.

ಪವರ್ ನೋಡುವ ಯಂತ್ರ ಪಕ್ಕದಲ್ಲೇ ಇತ್ತು. ಕೈ ತಾನಾಗಿ ಹೋಗಿ ಸ್ವಿಚ್ ಹಾಕಿತು. ಅವನಿಗೆ ನಾನು ಮಾಡಿದ್ದಕ್ಕೆ ಅವನು ಯಾವ ನಂಬರ್ ಹಾಕಿದರೂ, ಎಷ್ಟು ಓರೆ ಕೂರಿಸಿದರೂ ಕೇಳುವ ಹಕ್ಕು ನನಗಿಲ್ಲ. ಕನ್ನಡಕವನ್ನು ಯಂತ್ರದ ಬಾಯಿಯವರೆಗೆ ತಂದೆ. ಆಮೇಲೆ ಸ್ವಿಚ್ ಆರಿಸಿ, ಹಾಗೆಯೇ ಹಾಕಿಕೊಂಡೆ.

ಅದನ್ನೇ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ನಂಬರ್ ಎಷ್ಟೆಂದು ಈಗಲೂ ನೋಡಿಲ್ಲ. ಪುಸ್ತಕದ ಗೆರೆಗಳು ನೇರವಾಗಿವೆ. ನಿಯಾಝ್‌ಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನಾಳೆ ಶಾರ್ಜಾಕ್ಕೆ ಹೋಗುತ್ತೇನೆ.